ಹುಂಜದ ಸಾಹೇಬರು

ನೌಕರಿ ಮುಗಿಸಿ ಅಕ್ಕಿಆಲೂರಿಗೆ ಮರಳುವವರಲ್ಲಿ ಮೂರು ಪಂಗಡ. ಒಂದು ಪಂಗಡದವರು ಮಠದ ಕಟ್ಟೆ ಹಿಡಿಯುತ್ತಾರೆ, ಇನ್ನೊಂದು ಪಂಗಡದವರು ಕನ್ನಡ ನುಡಿ ಸಂಭ್ರಮದ ಓಡಾಟಕ್ಕೆ ಸೇರಿಕೊಳ್ಳುತ್ತಾರೆ, ಉಳಿದವರು ಕೋಳಿ ಸಾಕುತ್ತಾರೆ. ಮೊದಲ ಎರಡು ಪಂಗಡಗಳಿಂದ ಓಣಿಗೆ ತೊಂದರೆಯಿಲ್ಲ.

ಮೂರನೆಯವರನ್ನು ಗುರುತಿಸುವುದು ಸುಲಭ. ಹಿತ್ತಲಿಗೆ ಕೋಳಿ ಬರುವ ಮೊದಲೇ ಅವರ ಕಿಸೆಗೆ ಕೋಳಿಯ ಲೆಕ್ಕ ಬಂದಿರುತ್ತದೆ. ನಮ್ಮ ಓಣಿಯ ಸಾಹೇಬರಂತೂ ಲೆಕ್ಕಪತ್ರ ವಿಭಾಗದಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಹನ್ನೆರಡು ಮರಿ, ಮರಿಗೆ ದಿನಕ್ಕೊಂದು ತತ್ತಿ, 12 ಗುಣಿಲೆ 365, ವರ್ಷಕ್ಕೆ 4,380 ತತ್ತಿ. ನೌಕರಿಯಲ್ಲಿದ್ದಾಗ ಒಂದು ರಜೆಯನ್ನೂ ಬಿಡದ ಮನುಷ್ಯ ಕೋಳಿಗೆ ಒಂದು ಭಾನುವಾರವನ್ನೂ ಕೊಟ್ಟಿರಲಿಲ್ಲ.

ತಂದದ್ದು ಗಿರಿರಾಜ. ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ಬಣ್ಣದ ಪುಕ್ಕ, ದೊಡ್ಡ ಮೈ. ಆದರೆ ಮೊದಲ ತತ್ತಿಗೆ ಐದೂವರೆ ತಿಂಗಳಾದರೂ ಕಾಯಬೇಕು. ಆಮೇಲೂ ವರ್ಷಕ್ಕೆ ಇಡುವುದು 150ರ ಆಸುಪಾಸು. ಸಾಹೇಬರು ಮೂರನೇ ವಾರದಿಂದಲೇ ಬೆಳಿಗ್ಗೆ ಎದ್ದು ಗೂಡಿಗೆ ಇಣುಕತೊಡಗಿದರು.

ಗೂಡಿನ ವೈಭವ ಹೇಳಲೇಬೇಕು. ಹಸಿರು ಬಣ್ಣ, ಬಾಗಿಲಿಗೆ ಹಿತ್ತಾಳೆ ಚಿಲಕ, ಒಳಗೆ ತಮ್ಮ ಎದೆಯ ಎತ್ತರಕ್ಕೆ ತೂಗಿಬಿಟ್ಟ ಉಷ್ಣಮಾಪಕ. ಮೊದಲ ವಾರದ ಮರಿಗೆ 35 ಡಿಗ್ರಿ ಶಾಖ ಬೇಕೆಂದು ಎಲ್ಲೋ ಓದಿದ್ದರು. ಅದು ನಿಜವೇ, ಆದರೆ ಮರಿಗಳು ಓಡಾಡುತ್ತಿದ್ದುದು ನೆಲದ ಮೇಲೆ. ಪಕ್ಕದ ಮನೆಯ ದೊಡ್ಡವ್ವ ಗೋಡೆಯ ಮೇಲಿಂದ ನೋಡಿ ಹೇಳಿದಳು: "ಸಾಹೇಬ್ರ, ಆ ಗಾಜಿನ ಕಡ್ಡಿ ಬಿಟ್ಟು ಮರಿ ನೋಡ್ರಿ. ಗುಂಪುಗೂಡಿ ಚೀರಿದ್ರ ಥಂಡಿ, ಬಾಯಿ ತೆಗೆದು ದೂರ ಸರದ್ರ ಸೆಕಿ. ಹರವಿಕೊಂಡು ಮಲಗಿದ್ರ ನೀವೂ ಹೋಗಿ ಮಲಗ್ರಿ." ಜಾಳಿಗೆಯ ಕಣ್ಣು ದೊಡ್ಡದಾಯಿತೆಂದೂ ಅವಳು ಹೇಳಿದ್ದಳು. ಸಾಹೇಬರು ಗಾಳಿಯಾಡಲಿ ಎಂದರು. ಗಾಳಿಯ ಜೊತೆ ಮುಂಗುಸಿಯೂ ಆಡಿತು. ಆ ಸಂಜೆ ಖಾತೆಯಲ್ಲಿ "ಮುಂಗುಸಿ ಬಾಬತ್ತು: 1" ಎಂದು ಕೆಂಪು ಶಾಯಿಯಲ್ಲಿ ಜಮೆಯಾಯಿತು.

ಉಳಿದ ಹನ್ನೊಂದರಲ್ಲಿ ಏಳು, ಒಂದು ಬೆಳಗಿನ ಜಾವ, ಒಂದರ ಹಿಂದೊಂದು ಕೂಗಿದವು. ಮರಿ ಸಣ್ಣದಿದ್ದಾಗ ಹುಂಜ ಯಾವುದು, ಹ್ಯಾಟಿ ಯಾವುದು ಎಂದು ಹೇಳುವುದು ಪಳಗಿದವರಿಗೂ ಕಷ್ಟ. ಮಾರುವವನು ಮಾತ್ರ "ಎಲ್ಲಾ ಹ್ಯಾಟಿನ ಅದಾವ್ರೀ" ಎಂದು ಆಣೆ ಮಾಡಿರುತ್ತಾನೆ. ಸಾಹೇಬರಿಗೆ ಓಣಿ ಹೊಸ ಹೆಸರಿಟ್ಟದ್ದು ಅವತ್ತೇ.

ಆದರೆ ಓಣಿಯ ನೆನಪಿನಲ್ಲಿ ಉಳಿದಿರುವುದು ಮೂರ್ಛೆಯ ಪ್ರಸಂಗ. ಒಂದು ಮಧ್ಯಾಹ್ನ ಅವರ ಮೆಚ್ಚಿನ ಹ್ಯಾಟಿ ಹಿತ್ತಲ ಬೂದಿಗುಂಡಿಯಲ್ಲಿ ಅಡ್ಡಬಿದ್ದು, ಕಣ್ಣು ಅರೆಮುಚ್ಚಿ, ಒಂದು ರೆಕ್ಕೆ ಮೇಲೆತ್ತಿ ಕಾಲು ಝಾಡಿಸುತ್ತಿತ್ತು. "ಫಿಟ್ಸ್ ಬಂತು!" ಎಂದು ಸಾಹೇಬರು ಒಳಗೋಡಿ ತಿಜೋರಿಯ ಕೀಲಿಗೊಂಚಲನ್ನೇ ತಂದು ಅದರ ಪಾದದೊಳಗೆ ತುರುಕಿದರು. ಕೋಳಿ ಎದ್ದಿತು. ಮೈ ಕೊಡವಿತು. ಬೂದಿಯೆಲ್ಲ ಸಾಹೇಬರ ಇಸ್ತ್ರಿ ಮಾಡಿದ ಬಿಳಿ ಪಂಚೆಯ ಮೇಲೆ ಇಳಿಯಿತು.

"ಅದು ಜಳಕ ಮಾಡಾಕ್ಹತ್ತಿತ್ತಲ್ರೀ," ಎಂದಳು ದೊಡ್ಡವ್ವ. "ಅದರ ಕೈಯಾಗ ಕೀಲಿ ಯಾಕ ಕೊಟ್ರಿ, ತಿಜೋರಿ ಅದಕ್ಕ ಬರದಿರೇನು?"

ಧೂಳಿನಲ್ಲಿ ಹೊರಳಿಯೇ ಕೋಳಿ ಮೈಮೇಲಿನ ಹೇನು, ನುಸಿ ಉದುರಿಸಿಕೊಳ್ಳುತ್ತದೆ. ಸಾಹೇಬರಿಗೆ ಇದು ಅಸಹ್ಯವೆನಿಸಿ ಬೂದಿಗುಂಡಿ ಮುಚ್ಚಿಸಿದರು, ಹಿತ್ತಲಿಗೆಲ್ಲ ಸಿಮೆಂಟು ಬಳಿಸಿದರು. ತಿಂಗಳೊಳಗೆ ಕೋಳಿಗಳು ಕೆರೆದುಕೊಳ್ಳತೊಡಗಿದವು, ಎರಡು ದಿನ ಬಿಟ್ಟು ಸಾಹೇಬರೂ. ರಕ್ತದಾನಿಗಳಿಂದ ಹೆಸರಾದ ಊರು ನಮ್ಮದು. ಹೀಗೆ ಅವರೂ ದಾನಿಗಳ ಸಾಲಿಗೆ ಸೇರಿದರು. ಸಿಮೆಂಟು ಒಡೆಸಿದ ಖರ್ಚು ಬೇರೆ.

ಹಗಲಲ್ಲಿ ಟವೆಲ್ ಹಿಡಿದು ಕೋಳಿಯ ಹಿಂದೆ ಓಡಿದ್ದು, ಕತ್ತಲಾದ ಮೇಲೆ ಅದನ್ನು ಬದನೆಕಾಯಿಯಂತೆ ಎತ್ತಿಕೊಳ್ಳಬಹುದೆಂದು ಆಮೇಲೆ ತಿಳಿದದ್ದು, ನಮ್ಮ ಸೀಮೆಯಲ್ಲಿ ಗೋವಿನಜೋಳಕ್ಕೇನು ಬರ ಎಂದು ಅದೊಂದನ್ನೇ ಸುರಿದು ಕೋಳಿಗೆ ಬೊಜ್ಜು ಬರಿಸಿದ್ದು, ಸುಣ್ಣದ ಅಂಶ ಸಾಲದೆ ಮೊದಲ ತತ್ತಿ ತೊಗಲಿನ ಚೀಲವಾಗಿ ಕೈಗೆ ಬಂದದ್ದು, ಇವೆಲ್ಲ ಈ ಪಂಗಡದ ಎಲ್ಲರಿಗೂ ಆಗುವಂಥವು.

ಒಂದು ವಿಷಯದಲ್ಲಿ ಮಾತ್ರ ಸಾಹೇಬರೇ ಗೆದ್ದರು, ಅದನ್ನು ಮುಚ್ಚಿಡಬಾರದು. ಕೊಕ್ಕರೆ ರೋಗ ಬಂದರೆ ಇಡೀ ಓಣಿಯ ಕೋಳಿ ಒಂದೇ ವಾರದಲ್ಲಿ ಖಾಲಿ; ದೊಡ್ಡವ್ವ ಅದಕ್ಕೆ ದೃಷ್ಟಿ ತೆಗೆಯುತ್ತಿದ್ದಳೇ ಹೊರತು ಬೇರೆ ಮದ್ದು ಕಂಡವಳಲ್ಲ. ಮರಿ ತಂದ ವಾರದಲ್ಲೇ ಸಾಹೇಬರು ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಲಸಿಕೆ ತಂದಿದ್ದರು. ಸೀಸೆಯಲ್ಲಿದ್ದದ್ದು ನೂರು ಮರಿಗಾಗುವಷ್ಟು, ಕೈಯಲ್ಲಿದ್ದದ್ದು ಹನ್ನೆರಡು ಮರಿ, ಕಲಸಿದ ಲಸಿಕೆ ನಾಳೆಗೆ ಉಳಿಯದು. ಲೆಕ್ಕದ ಮನುಷ್ಯ ಎಂಬತ್ತೆಂಟು ಹನಿ ಹಾಳಾಗಲು ಬಿಟ್ಟಾರೆಯೇ? ಮನೆಮನೆ ಹೊಕ್ಕು, ಬುಟ್ಟಿ ಎತ್ತಿ, ಕಂಡ ಕಂಡ ಮರಿಯ ಕಣ್ಣಿಗೆ ಒಂದೊಂದು ಹನಿ ಬಿಟ್ಟು ಬಂದರು. ಆ ಬೇಸಿಗೆ ನಮ್ಮ ಓಣಿಯಲ್ಲಿ ಕೋಳಿ ಸಾಯಲಿಲ್ಲ.

ಆಮೇಲೆ ಸಾಹೇಬರಿಗೆ ಮನೆಯಲ್ಲೇ ಮರಿ ಮಾಡಿಸುವ ಆಸೆ ಹುಟ್ಟಿತು. ಗಿರಿರಾಜ ಹ್ಯಾಟಿ ಕಾವಿಗೆ ಕೂರುವ ಜಾತಿಯಲ್ಲ. ಕಾವಿಗೆ ಬಂದಿದ್ದ ದೊಡ್ಡವ್ವನ ಜವಾರಿ ಹ್ಯಾಟಿಯನ್ನು ಗೊತ್ತು ಮಾಡಿಕೊಂಡರು. ತಮ್ಮವು ಸಾಲವೆಂದು ಅಂಗಡಿಯಿಂದ ಒಂದು ಡಜನ್ ತತ್ತಿ ತಂದು ಅದರ ಕೆಳಗಿಟ್ಟರು. ವಾರ ಕಳೆದು ದೊಡ್ಡವ್ವ ಕತ್ತಲಲ್ಲಿ ಬ್ಯಾಟರಿ ಹಿಡಿದು ನೋಡಿದಳು. "ಇವಕ್ಕ ಅಪ್ಪನ ಇಲ್ರೀ," ಎಂದಳು. ಪಂಜರದ ಫಾರ್ಮಿನ ಕೋಳಿಗಳು ಹುಂಜದ ಮುಖ ಕಂಡಿರುವುದಿಲ್ಲ. ಅಪ್ಪಂದಿರಿಗಂತೂ ಸಾಹೇಬರ ಹಿತ್ತಲಲ್ಲಿ ಬರವಿರಲಿಲ್ಲ. ಸ್ವಂತ ತತ್ತಿಯನ್ನೇ ಕೂಡಿಸಿ ಎಂಟು ಇಟ್ಟರು.

ಅಲ್ಲಿಂದ ಮುಂದೆ ಅವರ ಗೂಡಿನಲ್ಲಿ ತತ್ತಿ ಸಿಗುವುದು ನಿಂತೇಹೋಯಿತು. ತತ್ತಿ ಇಡಲೆಂದು ಮಾಡಿಸಿದ ಡಬ್ಬಿಗಳನ್ನು ಅವರು ಬಲ್ಬಿನ ಬೆಳಕಿಗೇ ಸಾಲಾಗಿ ಜೋಡಿಸಿದ್ದರು. ಹ್ಯಾಟಿಗೆ ಬೇಕಾದದ್ದು ಯಾರ ಕಣ್ಣಿಗೂ ಬೀಳದ ಕತ್ತಲ ಮೂಲೆ. ಅಂಥ ಮೂಲೆ ದೊಡ್ಡವ್ವನ ಹುಲ್ಲಿನ ಬಣವೆಯಲ್ಲಿತ್ತು, ಗೋಡೆಯೇನು ಎತ್ತರದ್ದಲ್ಲ. ಸಾಹೇಬರು ದಿನಾ ಬೆಳಿಗ್ಗೆ ಹತ್ತು ರೂಪಾಯಿಗೊಂದರಂತೆ ಅವಳ ಹತ್ತಿರವೇ ತತ್ತಿ ಕೊಳ್ಳತೊಡಗಿದರು.

"ದೊಡ್ಡವ್ವಾ, ಎಷ್ಟಂದ್ರೂ ನಿನ್ನ ಜವಾರಿ ಹ್ಯಾಟಿ ತತ್ತಿ ರುಚಿನ ಬ್ಯಾರೆ. ನಮ್ಮವಕ್ಕ ಇದು ಬರೂದಿಲ್ಲ ಬಿಡು."

"ನನ್ನ ಹ್ಯಾಟಿ ಎಲ್ಲಿ ತತ್ತಿ ಇಡತೈತ್ರೀ ಸಾಹೇಬ್ರ," ಎಂದಳು ದೊಡ್ಡವ್ವ, ಚಿಲ್ಲರೆ ಎಣಿಸಿಕೊಳ್ಳುತ್ತ. "ಅದು ನಿಮ್ಮ ತತ್ತಿ ಮ್ಯಾಲೆ ಕುಂತು ಹದಿನೈದು ದಿನ ಆತು."