ಸ್ಟೈಲಸ್ ಮೀಮಾಂಸೆ, ಅಥವಾ ಲೇಖನಿಯ ಪ್ರಾಣ ಯಾವ ಕಡೆಯಿಂದ ಬರುತ್ತದೆಂಬ ವಿಚಾರ

ಇಷ್ಟದೇವತೆಯನ್ನು ನೆನೆದು, ಗೋಡೆಯ ಪ್ಲಗ್ಗಿನ ಸ್ವಿಚ್ಚು ಹಾಕಿದೆಯೇ ಎಂದು ಒಮ್ಮೆ ನೋಡಿಕೊಂಡು, ಗ್ರಂಥವನ್ನು ಆರಂಭಿಸುತ್ತೇವೆ.

ವಿಷಯ: ಟ್ಯಾಬ್ಲೆಟ್ ಎಂಬ ಫಲಕ ಮತ್ತು ಅದರ ಮೇಲೆ ಬರೆಯುವ ಸ್ಟೈಲಸ್ ಎಂಬ ಲೇಖನಿ. ಪ್ರಯೋಜನ: ಯಾವ ಲೇಖನಿ ಯಾವ ಫಲಕಕ್ಕೆ ಒಗ್ಗುತ್ತದೆ, ಒಗ್ಗಿದ್ದಕ್ಕೆ ಚಾರ್ಜು ಎಲ್ಲಿಂದ ಎಂಬ ತಿಳಿವು. ಅಧಿಕಾರಿ: ಎರಡನ್ನೂ ಕೊಂಡು ರಸೀದಿ ಕಳೆದುಕೊಂಡವನು. ರಸೀದಿ ಇನ್ನೂ ಜೇಬಿನಲ್ಲಿರುವವನು ನೇರ ಅಂಗಡಿಗೆ ಹೋಗಬಹುದು, ಅವನಿಗೆ ಶಾಸ್ತ್ರದ ಹಂಗಿಲ್ಲ. ಅನುಬಂಧ ಚತುಷ್ಟಯದಲ್ಲಿ ಉಳಿದದ್ದು ಸಂಬಂಧ. ಅದು ಸರಿಯಾಗಿದ್ದರೆ ಈ ಗ್ರಂಥವೇ ಹುಟ್ಟುತ್ತಿರಲಿಲ್ಲ.

ಪೂರ್ವಪಕ್ಷಿ ಮೊದಲ ಪುಟದಲ್ಲೇ ಕೈ ಎತ್ತುತ್ತಾನೆ. "ಆಚಾರ್ಯರೇ, ನಮ್ಮ ಹಿರಿಯರು ಕಬ್ಬಿಣದ ಕಂಟ ಹಿಡಿದು ತಾಳೆಗರಿಯ ಮೇಲೆ ಕೊರೆದರು. ಕಡತದ ಮೇಲೆ ಬಳಪದಲ್ಲಿ ಲೆಕ್ಕ ಬರೆದರು. ಕಂಟಕ್ಕೆ ಯಾರೂ ಚಾರ್ಜು ಹಾಕಲಿಲ್ಲ. ಈ ಕಂಟ ಆ ಗರಿಗೆ ಆಗುವುದಿಲ್ಲವೆಂದು ಯಾರೂ ತಕರಾರು ತೆಗೆಯಲಿಲ್ಲ. 1905ರಲ್ಲಿ ಮೈಸೂರಿನ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಬಂದಾಗ ಅವರು ಕೂತು ಓದಿದರೇ ಹೊರತು ಅಡಾಪ್ಟರ್ ಹುಡುಕಿಕೊಂಡು ಹೋಗಲಿಲ್ಲ. ಹೀಗಿರುವಾಗ..."

ಸಿದ್ಧಾಂತಿಯ ಉತ್ತರ: ದೃಷ್ಟಾಂತ ನಿನ್ನದೇ, ಸೋಲೂ ಅದರೊಳಗೇ ಇದೆ. ಕಂಟ ಬಡಿದ ಕಮ್ಮಾರನಿಗೂ ಗರಿ ಹದ ಮಾಡಿದವನಿಗೂ ಪರಿಚಯವಿರಲಿಲ್ಲ. ಆದ್ದರಿಂದ ಎಲ್ಲ ಕಂಟವೂ ಎಲ್ಲ ಗರಿಗೂ ನಡೆಯಿತು. ಇಬ್ಬರೂ ಒಂದೇ ಕಂಪನಿಯ ಸಂಬಳದವರಾಗಿದ್ದರೆ ನಿನ್ನ ಹಿರಿಯರೂ ಅಡಾಪ್ಟರಿಗೆ ಅಲೆಯುತ್ತಿದ್ದರು. ಇನ್ನು ನೀನು ಹೆಸರಿಸಿದ ಆ ಗ್ರಂಥವಿದೆಯಲ್ಲ, ಲೇಖನಿ ಫಲಕಗಳ ಹೊಂದಾಣಿಕೆಯನ್ನು ವಿದ್ಯುಚ್ಛಾಸ್ತ್ರಕ್ಕಿಂತ ಮೊದಲು ಅದರ ಅಡಿಯಲ್ಲೇ ವಿಚಾರಿಸತಕ್ಕದ್ದು.

ಮೊದಲು ನಾಸ್ತಿಕ ಮತದ ಖಂಡನೆ. ಲೇಖನಿಯೇ ಬೇಡ, ಬೆರಳೊಂದೇ ಪ್ರಮಾಣ ಎನ್ನುವವರು ಈ ಶಾಸ್ತ್ರದ ಚಾರ್ವಾಕರು. ಇವರಲ್ಲಿ ಅಗ್ರಗಣ್ಯರು ಸ್ಟೀವ್ ಜಾಬ್ಸ್. 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಐಫೋನ್ ಹಿಡಿದು ನಿಂತು, ಸ್ಟೈಲಸ್ ಯಾರಿಗೆ ಬೇಕು, ತೆಗೆಯಬೇಕು, ಇಡಬೇಕು, ಕಳೆದುಕೊಳ್ಳಬೇಕು ಎಂದು ಮುಖ ಸಿಂಡರಿಸಿದರು. ಹುಟ್ಟುವಾಗಲೇ ಕೈಗೆ ಹತ್ತು ಬಂದಿವೆಯಲ್ಲ ಎಂಬುದು ಅವರ ಯುಕ್ತಿ. 2011ರಲ್ಲಿ ಅವರು ತೀರಿಕೊಂಡರು. 2015ರಲ್ಲಿ ಅದೇ ಮಠದಿಂದ ಆಪಲ್ ಪೆನ್ಸಿಲ್ ಹೊರಬಂತು. ಗುರುವಾಕ್ಯಕ್ಕೆ ಭಂಗ ಬಂತಲ್ಲ ಎಂದರೆ ಭಾಷ್ಯಕಾರರ ಬಳಿ ಸಮಾಧಾನ ಸಿದ್ಧವಿದೆ: ಗುರುಗಳು ಬೇಡವೆಂದದ್ದು ಸ್ಟೈಲಸ್ಸನ್ನು, ಪೆನ್ಸಿಲ್ ವಿಷಯದಲ್ಲಿ ಅವರು ಮೌನ. ಗುರುವಿನ ಮೌನ ಸಮ್ಮತಿಯೇ.

ಆಸ್ತಿಕರಲ್ಲಿ ಹಳಬರು ನಿಷ್ಪ್ರಾಣವಾದಿಗಳು. ಲೇಖನಿಗೆ ಸ್ವಂತ ಪ್ರಾಣವಿಲ್ಲ, ಇರಬೇಕಾಗಿಯೂ ಇಲ್ಲ ಎಂಬುದು ಇವರ ಮತ. ಜಪಾನಿನಲ್ಲಿ 1983ರಲ್ಲಿ ಸ್ಥಾಪನೆಯಾದ ವ್ಯಾಕಾಮ್ ಕಂಪನಿ ಇದರ ಮೂಲಪೀಠ. ಫಲಕದ ತೆರೆಯ ಕೆಳಗೆ ತಂತಿಯ ಜಾಲವೊಂದಿರುತ್ತದೆ. ಅದು ಕ್ಷಣಕಾಲ ಅಯಸ್ಕಾಂತ ಕ್ಷೇತ್ರವನ್ನು ಹೊಮ್ಮಿಸಿ ಸುಮ್ಮನಾಗುತ್ತದೆ. ಮೇಲೆ ಹಿಡಿದ ಲೇಖನಿಯೊಳಗಿನ ಸುರುಳಿ ಅಷ್ಟರಲ್ಲೇ ಶಕ್ತಿ ಹೀರಿಕೊಂಡು, ತನ್ನದೇ ಆವರ್ತನದಲ್ಲಿ ಮಿಡಿದು ಉತ್ತರ ಕೊಡುತ್ತದೆ. ಉತ್ತರ ಜಾಲದ ಯಾವ ಮೂಲೆಯಲ್ಲಿ ಜೋರಾಗಿ ಕೇಳಿತೋ ಅಲ್ಲಿ ಗೆರೆ ಮೂಡುತ್ತದೆ. ಒತ್ತಿ ಬರೆದರೆ ಆವರ್ತನ ತುಸು ಸರಿಯುತ್ತದೆ, ಗೆರೆ ದಪ್ಪವಾಗುತ್ತದೆ. ಬ್ಯಾಟರಿ ಇಲ್ಲ, ಬಾಯಿ ಇಲ್ಲ, ಹಸಿವಿಲ್ಲ. ಸ್ಯಾಮ್‌ಸಂಗ್ 2011ರಲ್ಲಿ ಗ್ಯಾಲಕ್ಸಿ ನೋಟ್ ತಂದಾಗ ಇದೇ ದೀಕ್ಷೆ ಪಡೆಯಿತು. ಆ ಲೇಖನಿಯನ್ನು ಡ್ರಾಯರಿನಲ್ಲಿ ಮರೆತು ವರ್ಷಗಟ್ಟಲೆ ಬಿಟ್ಟರೂ ತೆಗೆದ ದಿನ ಬರೆಯುತ್ತದೆ.

ಇಷ್ಟು ಸುಖವಾಗಿದ್ದರೆ ಶಾಸ್ತ್ರ ಬೆಳೆಯುವುದೆಂತು? 2018ರಲ್ಲಿ ನೋಟ್ 9ರ ಲೇಖನಿಯೊಳಗೆ ಬ್ಲೂಟೂತನ್ನೂ ಪುಟ್ಟದೊಂದು ಸೂಪರ್ ಕೆಪಾಸಿಟರನ್ನೂ ಕೂರಿಸಿದರು. ದೂರದಲ್ಲಿ ನಿಂತು ಗುಂಡಿ ಒತ್ತಿ ಫೋಟೋ ತೆಗೆಯಬಹುದು. 40 ಸೆಕೆಂಡು ಗೂಡಿನಲ್ಲಿಟ್ಟರೆ 30 ನಿಮಿಷ, ಅಥವಾ 200 ಸಲ ಒತ್ತುವಷ್ಟು ಚಾರ್ಜು. ಪೂರ್ವಪಕ್ಷಿ ಇಲ್ಲಿ ಬಾಯಿ ಹಾಕಿದ: "ಬರೆಯುವುದಕ್ಕೆ ಚಾರ್ಜು ಬೇಡದ ಲೇಖನಿಗೆ ಚಾರ್ಜು ಏತಕ್ಕೆ?" ಬರೆಯದಿರುವುದಕ್ಕೆ, ಎಂದರು ಸಿದ್ಧಾಂತಿಗಳು. 2025ರಲ್ಲಿ ಎಸ್25 ಅಲ್ಟ್ರಾದ ಲೇಖನಿಯಿಂದ ಆ ಬ್ಲೂಟೂತನ್ನು ಕಿತ್ತುಹಾಕಿದಾಗ, ಒಂದು ದಿನವೂ ಗುಂಡಿ ಒತ್ತದ ಭಕ್ತರೂ ಗೊಣಗಿದರು. ತಮ್ಮಲ್ಲಿ ಇಂಥದ್ದೊಂದು ಇತ್ತೆಂದು ಎಷ್ಟೋ ಮಂದಿಗೆ ತಿಳಿದದ್ದೇ ಆಗ.

ಸ್ವಪ್ರಾಣವಾದಿಗಳದು ಬೇರೆ ದಾರಿ. ಲೇಖನಿ ತನ್ನ ಬುತ್ತಿಯನ್ನು ತಾನೇ ಹೊರಬೇಕು ಎನ್ನುತ್ತಾರೆ. ಮೈಕ್ರೋಸಾಫ್ಟ್ ಸರ್ಫೇಸಿನ ಲೇಖನಿಗಳಲ್ಲಿ ಬಹುಕಾಲ ಇದ್ದದ್ದು ಎಎಎಎ ಗಾತ್ರದ ಸೆಲ್ಲು, ವ್ಯಾಸ ಸುಮಾರು 8.3 ಮಿಲಿಮೀಟರ್. ನಮ್ಮ ಕಿರಾಣಿ ಅಂಗಡಿಯಲ್ಲಿ "ಪೆನ್ಸಿಲ್ ಸೆಲ್ ಕೊಡಿ" ಎಂದರೆ ಕೊಡುವುದು ಟಿವಿ ರಿಮೋಟಿಗೆ ಹಾಕುವಂಥದ್ದು. ಪೆನ್ಸಿಲ್ ಸೆಲ್ಲು ಪೆನ್ಸಿಲಿನೊಳಗೆ ಮಾತ್ರ ಹೋಗುವುದಿಲ್ಲ. ಇದಕ್ಕೆ ವಾಮಾಚಾರಿಗಳ ಪರಿಹಾರವೊಂದುಂಟು: ಕೆಲವು ಬ್ರ್ಯಾಂಡಿನ 9 ವೋಲ್ಟಿನ ಚೌಕ ಬ್ಯಾಟರಿಯ ತಗಡು ಸುಲಿದರೆ ಒಳಗೆ ಹೆಚ್ಚುಕಡಿಮೆ ಅದೇ ಗಾತ್ರದ ಆರು ಸೆಲ್ಲುಗಳು ಸಿಗುತ್ತವೆ. ಗ್ರಂಥಕರ್ತನು ಇದನ್ನು ಉಲ್ಲೇಖಿಸುತ್ತಾನೆ, ವಿಧಿಸುವುದಿಲ್ಲ. ಇಕ್ಕಳ ಜಾರಿದರೆ ಶಾರ್ಟ್ ಆಗುವುದಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ.

ಮೂರನೆಯದು ಪುಚ್ಛವಾದ. 2015ರ ಆಪಲ್ ಪೆನ್ಸಿಲಿನ ಹಿಂಭಾಗದ ಟೋಪಿ ತೆಗೆದರೆ ಲೈಟ್ನಿಂಗ್ ಪ್ಲಗ್ಗು. ಅದನ್ನು ಐಪ್ಯಾಡಿನ ಕೆಳಬಾಯಿಗೆ ನೇರ ಸಿಕ್ಕಿಸಬೇಕು. 175.7 ಮಿಲಿಮೀಟರಿನ ಬಿಳಿಯ ಕಡ್ಡಿ ಫಲಕದಿಂದ ಹೊರಚಾಚಿ ನಿಲ್ಲುತ್ತದೆ. 15 ಸೆಕೆಂಡು ಹೀಗೆ ನಿಲ್ಲಿಸಿದರೆ 30 ನಿಮಿಷ ಬರೆಯಬಹುದೆಂದು ಕಂಪನಿಯ ವಚನ, ಮತ್ತು ಅದು ಸುಳ್ಳಲ್ಲ. ಆ ಹದಿನೈದು ಸೆಕೆಂಡಿನಲ್ಲಿ ಮನೆಯ ಮಗುವೊಂದು ಓಡಿ ಬಂದು ಡಿಕ್ಕಿ ಹೊಡೆಯಬಾರದು, ಅಷ್ಟೇ ನಿಯಮ. ತೆಗೆದ ಟೋಪಿ ಆ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ಪ್ರತ್ಯೇಕ ಪ್ರಕರಣವಾಗುವಷ್ಟು ದೊಡ್ಡ ವಿಷಯ. 2018ರಲ್ಲಿ ಎರಡನೆಯ ಪೆನ್ಸಿಲ್ ಬಂದು ಐಪ್ಯಾಡ್ ಪ್ರೋದ ಪಕ್ಕೆಗೆ ಅಯಸ್ಕಾಂತದಿಂದ ಅಂಟಿಕೊಂಡು, ಅಂಟಿದ ಜಾಗದಲ್ಲೇ ಚಾರ್ಜಾಗತೊಡಗಿತು. ಪುಚ್ಛವಾದ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು.

ಈಗ ಸಾಲಾವಳಿ. ಮನುಷ್ಯರ ಮದುವೆಯಲ್ಲಿ ಸಗೋತ್ರ ನಿಷಿದ್ಧ. ಲೇಖನಿ ಫಲಕಗಳಲ್ಲಿ ಸಗೋತ್ರವಲ್ಲದ್ದು ನಿಷಿದ್ಧ. ಆಪಲ್ಲಿನ ಲೇಖನಿ ಸ್ಯಾಮ್‌ಸಂಗಿನ ಫಲಕವನ್ನು ಮುಟ್ಟಿದರೆ ಗಾಜಿನ ಮೇಲೆ ಪ್ಲಾಸ್ಟಿಕ್ ಉಜ್ಜಿದ ಸದ್ದು ಬರುತ್ತದೆ, ಗೆರೆ ಬರುವುದಿಲ್ಲ. ಇದಿಷ್ಟೇ ಆಗಿದ್ದರೆ ಶಾಸ್ತ್ರ ಸುಲಭ. ಕಷ್ಟವಿರುವುದು ಒಂದೇ ಮನೆಯೊಳಗೆ ಜಾತಕ ಕೂಡದಿರುವಲ್ಲಿ.

ಉದಾಹರಣೆಗೆ 2022ರ ಅಕ್ಟೋಬರಿನಲ್ಲಿ ಹುಟ್ಟಿದ ಹತ್ತನೆಯ ತಲೆಮಾರಿನ ಐಪ್ಯಾಡ್. ಅದಕ್ಕೆ ಯುಎಸ್‌ಬಿ ಸಿ ಬಾಯಿ. ಪಕ್ಕೆಯಲ್ಲಿ ಪೆನ್ಸಿಲ್ ಅಂಟಿ ಚಾರ್ಜಾಗುವ ಏರ್ಪಾಡಿಲ್ಲ, ಆದ್ದರಿಂದ ಎರಡನೆಯ ಪೆನ್ಸಿಲ್ ಆಗದು. ಮನೆಯವರು ಗೊತ್ತು ಮಾಡಿದ್ದು 2015ರ ಮೊದಲನೆಯ ಪೆನ್ಸಿಲನ್ನು. ಅದರ ಬಾಲದಲ್ಲಿರುವುದು ಲೈಟ್ನಿಂಗ್, ಇದರ ಬಾಯಿ ಸಿ. ಮುಹೂರ್ತಕ್ಕೆ ಕೂತ ಮೇಲೆ ಇದು ಹೊಳೆದಿರಬೇಕೆಂದು ಒಂದು ಪಕ್ಷ. ಮೊದಲೇ ಗೊತ್ತಿತ್ತೆಂದು ಇನ್ನೊಂದು ಪಕ್ಷ. ಎರಡನೆಯದೇ ಬಲವತ್ತರ, ಏಕೆಂದರೆ ಅಡಾಪ್ಟರ್ ಆಗಲೇ ಸಿದ್ಧವಿತ್ತು. ಹೊಸದಾಗಿ ಪೆನ್ಸಿಲ್ ಕೊಳ್ಳುವವರಿಗೆ ಡಬ್ಬಿಯೊಳಗೆ, ಹಳೆಯ ಪೆನ್ಸಿಲ್ ಇದ್ದವರಿಗೆ ಅಮೆರಿಕದಲ್ಲಿ 9 ಡಾಲರಿಗೆ.

ಪ್ರಯೋಗವಿಧಿ ಹೀಗೆ. ಟೋಪಿ ತೆಗೆ. ಲೇಖನಿಯ ಬಾಲವನ್ನು ಅಡಾಪ್ಟರಿನ ಒಂದು ಬಾಯಿಗೆ ಕೊಡು. ಅದರ ಇನ್ನೊಂದು ಬಾಯಿಗೆ ಸಿ ಕೇಬಲ್ಲು. ಕೇಬಲ್ಲಿನ ಮತ್ತೊಂದು ತುದಿ ಐಪ್ಯಾಡಿಗೆ. ಹೀಗೆ ಜೋಡಿಸಿದ ಮೇಲೆ ಇಬ್ಬರಿಗೂ ಪರಿಚಯವಾಗಿ, ಮುಂದೆ ಅವರು ನಿಸ್ತಂತುವಾಗಿ ಮಾತಾಡಿಕೊಳ್ಳುತ್ತಾರೆ.

"ಒಂದೇ ಕಂಪನಿ, ಒಂದೇ ಅಂಗಡಿ, ಒಂದೇ ಬಿಳಿ ಡಬ್ಬಿ," ಎಂದ ಪೂರ್ವಪಕ್ಷಿ. "ತಂತಿಯಿಲ್ಲದೆ ಮಾತಾಡಲು ಮೊದಲು ತಂತಿ, ತಂತಿಗೂ ಮೊದಲು ದಲ್ಲಾಳಿ. ಇದು ಯಾವ ನ್ಯಾಯ?"

ಅಡಾಪ್ಟರ ನ್ಯಾಯ, ಎಂದರು ಸಿದ್ಧಾಂತಿಗಳು. ಎರಡು ವಸ್ತುಗಳ ನಡುವೆ ವಿರೋಧ ಕಂಡಾಗ ಮೂರನೆಯದೊಂದನ್ನು ಕಲ್ಪಿಸಿ ಮಾರತಕ್ಕದ್ದು.

2023ರ ಕೊನೆಗೆ ಸಿ ಬಾಯಿಯ ಪೆನ್ಸಿಲ್ಲೇ ಬಂತು. ಹಿಂಭಾಗ ಜಾರಿಸಿದರೆ ರಂಧ್ರ ಕಾಣುತ್ತದೆ, ಟೋಪಿ ಕಳೆಯುವ ಭಯವಿಲ್ಲ. ಐಪ್ಯಾಡಿನ ಪಕ್ಕೆಗೆ ಇದೂ ಅಂಟುತ್ತದೆ. ಅಂಟಿದೊಡನೆ ಚಾರ್ಜಾಗುವ ಬದಲು ನಿದ್ದೆ ಹೋಗುತ್ತದೆ. ಅಂಟುಂಟು, ನಂಟಿಲ್ಲ. ಬೆಲೆ ಕಡಿಮೆ, ಒತ್ತಡದ ಅರಿವು ಇಲ್ಲವೇ ಇಲ್ಲ: ಮೆಲ್ಲಗೆ ಒತ್ತಿದರೂ ಸಿಟ್ಟಿನಿಂದ ಒತ್ತಿದರೂ ಒಂದೇ ಗೆರೆ. ಚಿತ್ರ ಬರೆಯುವವರು ಮೂಗು ಮುರಿಯುತ್ತಾರೆ. ಆದರೆ ಸಿ ಬಾಯಿಯ ಐಪ್ಯಾಡುಗಳಲ್ಲಿ ಯಾವುದರ ಬಾಗಿಲಿಗೆ ಹೋದರೂ ಇದನ್ನು ಒಳಗೆ ಕರೆಯುತ್ತಾರೆ. ಹೆಚ್ಚು ಬೆಲೆಯ ಅಣ್ಣಂದಿರಿಗೆ ಆ ಭಾಗ್ಯವಿಲ್ಲ. 2024ರ ಮೇ ತಿಂಗಳಲ್ಲಿ ಐಪ್ಯಾಡ್ ಪ್ರೋದ ಮುಂದಿನ ಕ್ಯಾಮೆರಾವನ್ನು ಉದ್ದದ ಅಂಚಿಗೆ ಸರಿಸಿದರು. ಪೆನ್ಸಿಲ್ ಅಂಟುತ್ತಿದ್ದದ್ದೂ ಅದೇ ಅಂಚಿಗೆ. ಅಯಸ್ಕಾಂತಗಳ ಜಾಗ ಬದಲಾಯಿತು, ಪೆನ್ಸಿಲ್ ಪ್ರೋ ಎಂಬ ಹೊಸ ವರ ಬಂದ. ಆರು ವರ್ಷ ಸಂಸಾರ ಮಾಡಿದ ಎರಡನೆಯ ಪೆನ್ಸಿಲ್ಲು ಹೊಸ ಪ್ರೋ ಮನೆಯಲ್ಲಿ ಅಪರಿಚಿತ. ಹೊಸ ವರನನ್ನು ಹಳೆಯ ಐಪ್ಯಾಡಿಗೆ ಕೊಡುವಂತೆಯೂ ಇಲ್ಲ.

ಇದು ಆಪಲ್ಲಿನ ಮನೆಯ ರೋಗ ಮಾತ್ರ ಎಂದು ಇತರ ಮಠದವರು ಹಿಗ್ಗಬೇಕಾದ್ದಿಲ್ಲ. ಮೈಕ್ರೋಸಾಫ್ಟಿನ ಮೊದಲೆರಡು ಸರ್ಫೇಸ್ ಪ್ರೋಗಳು ವ್ಯಾಕಾಮ್ ಗೋತ್ರದವು. 2014ರ ಮೂರನೆಯದು ಇಸ್ರೇಲಿನ ಎನ್‌ಟ್ರಿಗ್ ಗೋತ್ರಕ್ಕೆ ದತ್ತು ಹೋಯಿತು, ಹಳೆಯ ಲೇಖನಿಗಳು ಬೀದಿಗೆ ಬಿದ್ದವು. ಮರುವರ್ಷ ಮೈಕ್ರೋಸಾಫ್ಟ್ ಎನ್‌ಟ್ರಿಗ್ಗನ್ನೇ ಕೊಂಡಿತು. ಸ್ಯಾಮ್‌ಸಂಗ್ 2021ರ ಮಡಚುವ ಫೋನಿಗೆ ಬೇರೆ ಆವರ್ತನದ ಲೇಖನಿ ಮಾಡಿ, ಹಳೆಯದನ್ನು ತಂದು ಒತ್ತಿದರೆ ತೆರೆ ಹಾಳಾದೀತೆಂದು ಎಚ್ಚರಿಸಿತು. ಮದುವೆಯಾಗದಿದ್ದರೆ ಸರಿ, ಮುಟ್ಟಿದರೂ ದೋಷ ಎಂಬ ಸ್ಥಿತಿ.

ಎಲ್ಲರಿಗೂ ಒಂದೇ ಲೇಖನಿ ಎಂಬ ಸರ್ವಮತ ಸಮನ್ವಯವೂ ನಡೆಯಿತು. ಯುಎಸ್‌ಐ ಎಂದು ಅದರ ಹೆಸರು, ಸ್ಥಾಪನೆ 2015. ಕ್ರೋಮ್‌ಬುಕ್ಕುಗಳು ಬಂದವು, ಗೂಗಲ್ಲಿನ ಪಿಕ್ಸೆಲ್ ಟ್ಯಾಬ್ಲೆಟ್ ಬಂತು, ಆಪಲ್ ಬರಲಿಲ್ಲ. ಸಮನ್ವಯ ಮಾಡಲು ಹೊರಟವರು ಇನ್ನೊಂದು ಮತವಾಗಿ ಉಳಿದರು. ಇದರಲ್ಲಿ ಹೆಚ್ಚು ಹೇಳುವುದಿಲ್ಲ, ಅದು ನಮ್ಮ ದೇಶದವರಿಗೆ ಗೊತ್ತಿಲ್ಲದ ಕಥೆಯಲ್ಲ.

ಪೂರ್ವಪಕ್ಷಿ ರಾಜಾಜ್ಞೆಯ ಮೊರೆ ಹೊಕ್ಕ. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಸಿ ಬಾಯಿಯನ್ನು ಕಡ್ಡಾಯ ಮಾಡಿದೆಯಲ್ಲ ಎಂದು ಕೇಳಿದ. ಪಟ್ಟಿ ತರಿಸಿ ಓದಿದರು. ಫೋನು ಇತ್ತು, ಟ್ಯಾಬ್ಲೆಟ್ಟು ಇತ್ತು, ಕ್ಯಾಮೆರಾ, ಹೆಡ್‌ಫೋನು, ಇ-ರೀಡರು, ಕೀಬೋರ್ಡು, ಮೌಸು ಕೂಡ ಇತ್ತು. ಬರೆಯುವ ಕಡ್ಡಿಯ ಹೆಸರಿರಲಿಲ್ಲ. ಸಿದ್ಧಾಂತಿಗಳಿಗೆ ಎರಡು ದಿನ ಊಟ ರುಚಿಸಿತು.

ಪೂರ್ವಪಕ್ಷಿ ಸೋತು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದ. ಅಂಗಡಿಯವನು ಗಾಜಿನ ಕಪಾಟಿನ ಮೂಲೆಯಿಂದ ಒಂದು ಪೆನ್ನು ತೆಗೆದ. ತುದಿಯಲ್ಲಿ ಬಟಾಣಿಯಷ್ಟು ದಪ್ಪದ ಕಪ್ಪು ರಬ್ಬರು. "ಎಲ್ಲಾದಕ್ಕೂ ಆಗತ್ತೆ ಸಾರ್. ಆಪಲ್ಲು, ಸ್ಯಾಮ್‌ಸಂಗು, ಯಾವ್ದಾದ್ರೂ ಸರಿ. ಚಾರ್ಜೂ ಬೇಡ."

ಗಲಿಬಿಲಿಗೊಂಡ ಪೂರ್ವಪಕ್ಷಿ ಅಲ್ಲಿಂದಲೇ ಸಿದ್ಧಾಂತಿಗಳಿಗೆ ಫೋನು ಹಚ್ಚಿದ. ಅವರು ನಿಧಾನವಾಗಿ ವಿವರಿಸಿದರು. ಆ ರಬ್ಬರು ಕೈಯ ವಿದ್ಯುದಂಶವನ್ನು ತೆರೆಗೆ ದಾಟಿಸುತ್ತದೆ. ಫಲಕವು ಅದನ್ನು ಬೆರಳೆಂದೇ ನಂಬುತ್ತದೆ. ಬೆರಳಿಗೆ ಒತ್ತಡವಿಲ್ಲ, ಓರೆಯಿಲ್ಲ, ಅಂಗೈ ತಾಗಿದರೆ ಅದೂ ಗೆರೆ ಎಳೆಯುತ್ತದೆ. "ಅದು ಲೇಖನಿಯೇ ಅಲ್ಲವಯ್ಯಾ, ಆದ್ದರಿಂದಲೇ ಎಲ್ಲದಕ್ಕೂ ಆಗುತ್ತದೆ. ಅದು ಚಾರ್ವಾಕರ ಹನ್ನೊಂದನೆಯ ಬೆರಳು."

ಫೋನು ಇಟ್ಟಾಗ ಅಂಗಡಿಯವನು ಪೆನ್ನನ್ನು ತಿರುಗಿಸಿ ಹಿಂಭಾಗದ ಮುಚ್ಚಳ ತೆಗೆದಿದ್ದ. ಆ ತುದಿಯಲ್ಲಿ ನೀಲಿ ಶಾಯಿಯ ಬಾಲ್‌ಪೆನ್ನು. "ಪೇಪರ್ ಮೇಲೂ ಬರೀತದೆ ಸಾರ್."

"ಯಾವ ಕಂಪನಿಯ ಪೇಪರಿಗೆ?" ಎಂದ ಪೂರ್ವಪಕ್ಷಿ.