ಸಮವಸ್ತ್ರ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಮೆಟ್ಟಿಲು ಹತ್ತಿಯೇ ಮೇಲೆ ಬರಬೇಕೆಂದು ಹಿರಿಯರು ವಿಧಿಸಿದ್ದಾರೆ. ಶಾಲಾ ಸಮವಸ್ತ್ರದ ಸಾಧಕ ಬಾಧಕಗಳ ಮೇಲೆ ಈ ನಾಡಿನಲ್ಲಿ ಈಗಾಗಲೇ ಲೆಕ್ಕವಿಲ್ಲದಷ್ಟು ಪ್ರಬಂಧಗಳು ಬಂದಿವೆ. ಬರೆದವರೆಲ್ಲ ಏಳನೇ ತರಗತಿಯವರು, ಬರೆದದ್ದೆಲ್ಲ ಅರ್ಧವಾರ್ಷಿಕ ಪರೀಕ್ಷೆಯಲ್ಲಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಕೊನೆಗೆ ‘ಶಿಸ್ತೇ ಜೀವನದ ಉಸಿರು’. ಅಂದರೆ ಸಮವಸ್ತ್ರದ ಮೇಲಿನ ಪ್ರಬಂಧಗಳೂ ಸಮವಸ್ತ್ರ ತೊಟ್ಟೇ ಬರುತ್ತವೆ. ಈ ಕೊರತೆಯನ್ನು ನೀಗಿಸುವುದಕ್ಕಾಗಿ ಪ್ರಸ್ತುತ ಮೀಮಾಂಸೆ. ವಿಷಯ: ಸಮವಸ್ತ್ರ. ಸಂಶಯ: ಅದು ಸಮ ಮಾಡುತ್ತದೆಯೋ ಇಲ್ಲವೋ.

ಇತಿಹಾಸ

ಇತಿಹಾಸವಿಲ್ಲದ ಪ್ರಬಂಧಕ್ಕೆ ಡಾಕ್ಟರೇಟ್ ಸಿಗದು. ಆದ್ದರಿಂದ ಲಂಡನ್ನಿಗೆ ಹೋಗಿ ಸಂಜೆಯೊಳಗೆ ಬಂದುಬಿಡೋಣ. 1552ರಲ್ಲಿ ಅಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಹುಟ್ಟಿತು. ಹೆಸರು ಆಸ್ಪತ್ರೆಯದು, ಕೆಲಸ ಬಡ ಮತ್ತು ತಬ್ಬಲಿ ಮಕ್ಕಳಿಗೆ ಅನ್ನ ಅಕ್ಷರ ಕೊಡುವುದು. ಮಕ್ಕಳಿಗೆ ಉದ್ದನೆಯ ನೀಲಿ ನಿಲುವಂಗಿ, ಹಳದಿ ಕಾಲುಚೀಲ. ಶಾಲೆ ಲಂಡನ್ ಬಿಟ್ಟು ಹಳ್ಳಿಗಾಡಿಗೆ ಹೋಗಿ ನೂರು ವರ್ಷ ದಾಟಿದರೂ ಉಡುಪು ಬದಲಾಗಿಲ್ಲ. ಸಮವಸ್ತ್ರ ಎಂದರೆ ಆಗ ‘ಈ ಮಗು ಧರ್ಮಾರ್ಥವಾಗಿ ಓದುತ್ತಿದೆ’ ಎಂದು ಸಾರುವ ಫಲಕ. ನಾಲ್ಕೂವರೆ ಶತಮಾನದಲ್ಲಿ ಫಲಕ ತಿರುವುಮುರುವಾಗಿದೆ. ಈಗ ಬೆಂಗಳೂರಿನಲ್ಲಿ ಬ್ಲೇಜರಿನ ಜೇಬಿನ ಮೇಲಿನ ಲಾಂಛನ ನೋಡಿದರೆ ಸಾಕು, ತಂದೆಯ ಸಾಲ ಎಷ್ಟೆಂದು ಬಲ್ಲವರು ಹೇಳಬಲ್ಲರು.

ಟೈ ಬಂದ ದಾರಿ ಇನ್ನೂ ವಿಚಿತ್ರ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕೂಲಿಗೆ ಯುದ್ಧ ಮಾಡಲು ಬಂದ ಕ್ರೊವೇಷಿಯಾದ ಸಿಪಾಯಿಗಳು ಕೊರಳಿಗೊಂದು ಬಟ್ಟೆ ಸುತ್ತಿಕೊಂಡಿದ್ದರು. ಪ್ಯಾರಿಸ್ಸಿನ ಶೋಕಿಲಾಲರು ಅದನ್ನು ಮೆಚ್ಚಿದರು, ಅವರನ್ನು ನೋಡಿ ಇಂಗ್ಲಿಷರು ಕಟ್ಟಿದರು, ಇಂಗ್ಲಿಷರನ್ನು ನೋಡಿ ನಾವು. ಹೀಗೆ ಯುರೋಪಿನ ಚಳಿಯಲ್ಲಿ ಹೊರಟ ಆ ಬಟ್ಟೆ ಈಗ ರಾಯಚೂರಿನ ಮಾರ್ಚ್ ಬಿಸಿಲಿನಲ್ಲಿ ಯುಕೆಜಿ ಮಗುವೊಂದರ ಕತ್ತಿಗೆ ಎಲಾಸ್ಟಿಕ್ ಸಮೇತ ಜೋತುಬಿದ್ದಿದೆ. ಮಗು ಅದರ ತುದಿಯನ್ನು ಜಗಿಯುತ್ತದೆ, ಅದರಲ್ಲೇ ಮೂಗು ಒರೆಸುತ್ತದೆ, ಮುಂದಿನ ಬೆಂಚಿನವನ ಟೈಯನ್ನು ಹಿಂದಕ್ಕೆಳೆದು ಪಟ್ಟೆಂದು ಬಿಡುತ್ತದೆ. ಟೈಗೆ ಇಷ್ಟೊಂದು ಉಪಯೋಗವುಂಟೆಂದು ಕ್ರೊವೇಷಿಯನ್ನರಿಗೆ ಹೊಳೆದಿರಲಿಲ್ಲ.

ಪೂರ್ವಪಕ್ಷ

ಪೂರ್ವಪಕ್ಷಿ ಹೇಳುತ್ತಾನೆ: ಸಮವಸ್ತ್ರದಿಂದ ಬಡವ ಬಲ್ಲಿದ ಭೇದ ಅಳಿಯುತ್ತದೆ. ಪ್ರತ್ಯಕ್ಷವೇ ಪ್ರಮಾಣ, ಪ್ರಾರ್ಥನೆಗೆ ನಿಂತ ಸಾಲನ್ನು ನೋಡಿ, ಎಲ್ಲರದೂ ಬಿಳಿ ಅಂಗಿ.

ನೋಡಿದೆವು. ದೂರದಿಂದ ಒಂದೇ ಬಿಳಿ. ಹತ್ತಿರ ಹೋದರೆ ಬಿಳಿಯಲ್ಲಿ ಪಂಗಡಗಳಿವೆ. ಅಂಗಡಿಯಿಂದ ನೇರ ಬಂದ ಹೊಸ ಬಿಳಿ ಒಂದು. ಅಜ್ಜಿಯ ಕೈಯಲ್ಲಿ ನೀಲಿ ಒಂದು ಹನಿ ಜಾಸ್ತಿಯಾಗಿ ಆಕಾಶಕ್ಕೆ ತಿರುಗಿದ ಬಿಳಿ ಇನ್ನೊಂದು. ಬೋರ್‌ವೆಲ್ ನೀರಿನಲ್ಲಿ ಒಗೆದು ಒಗೆದು ಹಳದಿಗಟ್ಟಿದ್ದು ಮತ್ತೊಂದು. ಅಪ್ಪನ ಕೆಂಪು ಟವೆಲ್ಲಿನ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆದು ಗುಲಾಬಿಯಾದದ್ದೂ ಉಂಟು. ಅದನ್ನು ತೊಟ್ಟವನು ವರ್ಷವಿಡೀ ಎದೆಯ ಮೇಲೆ ಕೈಕಟ್ಟಿಕೊಂಡೇ ನಿಂತಿರುತ್ತಾನೆ, ಮೇಷ್ಟ್ರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ಜೇಬಿನ ಕೆಳಗಿನ ಶಾಯಿ ಕಲೆ ಈ ವರ್ಷದ್ದೋ, ಅಣ್ಣನ ಕಾಲದ್ದೋ ಎಂಬುದನ್ನು ಮೂರನೇ ತರಗತಿಯ ಹುಡುಗಿ ಒಂದೇ ನೋಟದಲ್ಲಿ ತೀರ್ಮಾನಿಸುತ್ತಾಳೆ. ಭೇದವನ್ನು ಬಟ್ಟೆಯಿಂದ ಓಡಿಸಿದರೆ ಅದು ಬೂಟಿಗೆ ಹೋಗುತ್ತದೆ, ಬೂಟಿನಿಂದ ಓಡಿಸಿದರೆ ಜಾಮಿಟ್ರಿ ಬಾಕ್ಸಿಗೆ, ಅಲ್ಲಿಂದ ಊಟದ ಡಬ್ಬಿಗೆ.

ಇದಾದರೂ ಗೇಟಿನ ಒಳಗಿನ ಮಾತು. ಗೇಟಿನ ಹೊರಗೆ ಸಮವಸ್ತ್ರದ ಕೆಲಸವೇ ಬೇರೆ. ಬೆಳಗ್ಗೆ ಎಂಟೂವರೆಗೆ ಯಾವುದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿ. ಗೆರೆ ಗೆರೆ ಟೈ ಇಂಗ್ಲಿಷ್ ಮೀಡಿಯಮ್ಮು. ಬ್ಲೇಜರ್ ಅದಕ್ಕಿಂತ ಮೇಲಿನದು, ಅದು ಬಸ್ಸಿಗೆ ಕಾಯುವುದಿಲ್ಲ, ಅದಕ್ಕೆ ವ್ಯಾನ್ ಬರುತ್ತದೆ. ಟೈ ಇಲ್ಲದ್ದು ಸರ್ಕಾರಿ. ಕಂಡಕ್ಟರ್ ಯಾರನ್ನು ‘ಪುಟ್ಟಾ ಕೂತ್ಕೋ’ ಎನ್ನಬೇಕು, ಯಾರನ್ನು ‘ಏಯ್ ಹಿಂದೆ ಹೋಗೋ’ ಎನ್ನಬೇಕು ಎಂಬುದು ಬಟ್ಟೆ ನೋಡಿಯೇ ನಿರ್ಧಾರವಾಗುತ್ತದೆ. ಬಣ್ಣಬಣ್ಣದ ಅಂಗಿಯಲ್ಲಿದ್ದರೆ ಆ ಮಕ್ಕಳನ್ನು ಹೀಗೆ ವಿಂಗಡಿಸಲು ಪಾಪ ಅವನಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು! ಸಮವಸ್ತ್ರ ಒಂದು ಶಾಲೆಯೊಳಗಿನ ಮಕ್ಕಳನ್ನು ಒಂದು ಮಾಡಿ, ಒಂದು ಊರಿನ ಮಕ್ಕಳನ್ನು ಹತ್ತು ಮಾಡುತ್ತದೆ. ಈ ಗಣಿತ ಪೂರ್ವಪಕ್ಷಿಗೆ ಇನ್ನೂ ತಲೆಗೆ ಹತ್ತಿಲ್ಲ.

ಶಿಸ್ತು ಬರುತ್ತದೆ ಎಂಬ ವಾದವೂ ಇದೆ. ಅಮೆರಿಕದ ಬ್ರನ್ಸ್ಮಾ ಮತ್ತು ರಾಕ್‌ಕೆಮೋರ್ ಎಂಬ ಸಮಾಜಶಾಸ್ತ್ರಜ್ಞರು 1998ರಲ್ಲಿ ಅಂಕಿಅಂಶ ಜಾಲಾಡಿ, ಸಮವಸ್ತ್ರಕ್ಕೂ ಹಾಜರಾತಿ, ನಡತೆಗಳಿಗೂ ನೇರ ಸಂಬಂಧ ಕಾಣಲಿಲ್ಲ ಎಂದರು. ಅವರು ನಮ್ಮ ಮ್ಯಾಟಿನಿ ಷೋ ನೋಡಿದವರಲ್ಲ. ಇಲ್ಲಿ ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋಗುವವನು ಹಿಂದಿನ ರಾತ್ರಿಯೇ ಬ್ಯಾಗಿಗೆ ಟೀ ಶರ್ಟ್ ತುರುಕಬೇಕು, ಅದರ ಮೇಲೆ ಸಮಾಜ ವಿಜ್ಞಾನದ ಪುಸ್ತಕ ಇಡಬೇಕು, ಟಾಕೀಸಿನ ಹಿಂದಿನ ಗಲ್ಲಿಯಲ್ಲಿ ಅಂಗಿ ಬದಲಿಸಬೇಕು, ಸಂಜೆ ಮತ್ತೆ ಬದಲಿಸುವಾಗ ಗುಂಡಿ ಮೇಲೆ ಕೆಳಗಾಗದಂತೆ ಹಾಕಬೇಕು. ಇಷ್ಟು ಪೂರ್ವತಯಾರಿ, ಇಷ್ಟು ಸಮಯಪ್ರಜ್ಞೆ! ಇದು ಶಿಸ್ತಲ್ಲದೆ ಮತ್ತೇನು?

ಸಮತೆ ಅಷ್ಟು ಒಳ್ಳೆಯದಾದರೆ ಮೇಷ್ಟ್ರುಗಳಿಗೇಕೆ ಸಮವಸ್ತ್ರವಿಲ್ಲ ಎಂಬ ಪ್ರಶ್ನೆಯನ್ನು ಸಿಬ್ಬಂದಿ ಕೊಠಡಿಯಲ್ಲಿ ಎತ್ತಿದೆವು. ಚಹಾ ಬರಲಿಲ್ಲ. ಮುಂದಿನ ವಿಷಯಕ್ಕೆ ಹೋಗೋಣ.

ಅರ್ಥಾಧಿಕರಣ

ಚತುರ್ವಿಧ ಪುರುಷಾರ್ಥಗಳಲ್ಲಿ ಎರಡನೆಯದನ್ನು ಸಮವಸ್ತ್ರ ಯಾರಿಗೆ ಸಾಧಿಸಿಕೊಡುತ್ತದೆ ಎಂದು ಈಗ ವಿಚಾರ. ಸರ್ಕಾರಿ ಶಾಲೆಯಲ್ಲಿ ವಿದ್ಯಾವಿಕಾಸ ಯೋಜನೆಯಡಿ ಬಟ್ಟೆ ಉಚಿತ. ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ಅದರ ಒಂದು ಪಾಲು ನಮ್ಮ ನೇಕಾರರಿಂದಲೇ ಬಂದದ್ದುಂಟು. ಮಗ್ಗದವನ ಮಗನ ಮೈಮೇಲೆ ಅವನದೇ ಬಟ್ಟೆ ಬರುವುದು ಒಳ್ಳೆಯದೇ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ಲೆಕ್ಕ ಮಗುವೊಂದಕ್ಕೆ ವರ್ಷಕ್ಕೆ ಎರಡು ಜೊತೆ, 600 ರೂಪಾಯಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ ಶಾಲೆ. ಭಾಗಿಸಿದರೆ ದಿನಕ್ಕೆ 3 ರೂಪಾಯಿ. ಒಂದು ಅರ್ಧ ಚಹಾದ ಬೆಲೆಯೂ ಇಲ್ಲದ ಈ ದಿನಬಟ್ಟೆಯಲ್ಲಿ ಮಗು ಶಾಲೆಗೆ ಹೋಗುತ್ತದೆ, ದನ ಮೇಯಿಸುತ್ತದೆ, ಜಾತ್ರೆಗೂ ಸೋದರಮಾವನ ಮದುವೆಗೂ ಹೋಗುತ್ತದೆ, ಏಕೆಂದರೆ ಮನೆಯಲ್ಲಿರುವ ಒಳ್ಳೆಯ ಬಟ್ಟೆ ಅದೇ. ಸಮವಸ್ತ್ರದಿಂದಾದ ಅತಿ ದೊಡ್ಡ ಲಾಭ ಇದು. ಏಳನೇ ತರಗತಿಯ ಯಾವ ಉತ್ತರ ಪತ್ರಿಕೆಯಲ್ಲೂ ಕಾಣದು.

ಖಾಸಗಿ ಶಾಲೆಯಲ್ಲಿ ಅರ್ಥ ಬೇರೆ ಕಡೆ ಹರಿಯುತ್ತದೆ. 1995ರ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯಲ್ಲಿ ಹನ್ನೊಂದನೆಯ ನಿಯಮ ಎಂಬ ಸೂತ್ರವಿದೆ: ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಮುಂದಿನ ಐದು ವರ್ಷ ಬದಲಿಸತಕ್ಕದ್ದಲ್ಲ, ಬದಲಿಸುವುದಿದ್ದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸತಕ್ಕದ್ದು. ಐದೇ ಏಕೆ ಎಂದು ಸೂತ್ರಕಾರ ಹೇಳಿಲ್ಲ. ಭಾಷ್ಯ: ವಿಧಾನಸಭೆಗೂ ಐದು ವರ್ಷ, ಸಮವಸ್ತ್ರಕ್ಕೂ ಐದು ವರ್ಷ. ಆದರೆ ನಡುವೆ ಬಣ್ಣ ಬದಲಿಸಿದರೆ ನಿಯಮಭಂಗವಾಗುವುದು ಸಮವಸ್ತ್ರಕ್ಕೆ ಮಾತ್ರ. ಇನ್ನು ಚತುರರು ಬಣ್ಣ ಮುಟ್ಟುವುದಿಲ್ಲ. ಕಾಲರಿಗೆ ಒಂದು ಗೆರೆ ಕೂಡುತ್ತದೆ, ಬೆಲ್ಟಿನ ಬಿಲ್ಲೆ ದುಂಡಗಿದ್ದದ್ದು ಚೌಕವಾಗುತ್ತದೆ, ಅಷ್ಟಕ್ಕೇ ಅಣ್ಣನದು ತಮ್ಮನಿಗೆ ನಿರುಪಯೋಗ. ಅಂಥ ಗೆರೆ ಬೇರೆ ಯಾವ ಅಂಗಡಿಯಲ್ಲೂ ಸಿಗದು. ಶಾಲೆಯ ಕೌಂಟರಿನಲ್ಲೇ ಸಿಗುತ್ತದೆ, ಬಿಲ್ಲು ಕೇಳಬಾರದು.

ಬಟ್ಟೆಯ ಮೇಲಿನ ವಾದ ನ್ಯಾಯಾಲಯಕ್ಕೂ ಹೋದದ್ದುಂಟು. 2022ರಲ್ಲಿ ಸಮವಸ್ತ್ರದ ಜೊತೆ ಹಿಜಾಬ್ ತೊಡಬಹುದೇ ಎಂಬ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ, ಪೀಠದ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. ಆ ಅಧ್ಯಾಯಕ್ಕೆ ಈ ಅಣಕು ಮೀಮಾಂಸಕ ಕೈಹಾಕುವುದಿಲ್ಲ. ಗೇಟಿನ ಹೊರಗೇ ಉಳಿದು ಪರೀಕ್ಷೆ ಕಳೆದುಕೊಂಡ ಹುಡುಗಿಯರ ಮೇಲೆ ತಮಾಷೆ ಹುಟ್ಟುವುದಿಲ್ಲ.

ಪ್ರಾದೇಶಿಕ ಟಿಪ್ಪಣಿ

ತೀರ್ಥಹಳ್ಳಿ, ಆಗುಂಬೆ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದಿಲ್ಲ. ಎರಡು ಜೊತೆಯಲ್ಲಿ ಒಂದು ನೆನೆದಿರುತ್ತದೆ, ಇನ್ನೊಂದು ಒಣಗಿರುವುದಿಲ್ಲ. ಅದನ್ನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹರವುತ್ತಾರೆ. ಬೆಳಗಾದರೆ ಬಟ್ಟೆ ಬೆಚ್ಚಗೆ, ಅರ್ಧ ಹಸಿ, ಪೂರ್ತಿ ಹೊಗೆ ವಾಸನೆ. ಮಲೆನಾಡಿನ ತರಗತಿಯಲ್ಲಿ ನಿಜವಾದ ಸಮತೆ ಬರುವುದು ಈ ವಾಸನೆಯಿಂದ. ಕರೆಂಟಿಲ್ಲದ ದಿನ ತಂಬಿಗೆಗೆ ಕೆಂಡ ತುಂಬಿ ಇಸ್ತ್ರಿ ಮಾಡುವುದುಂಟು. ಕೆಂಡಕ್ಕೂ ಗತಿಯಿಲ್ಲದಿದ್ದರೆ ಮಡಚಿ ಹಾಸಿಗೆಯ ಕೆಳಗಿಟ್ಟು ರಾತ್ರಿಯಿಡೀ ಅದರ ಮೇಲೆ ಮಲಗುವುದು. ಮಗ್ಗುಲು ಬದಲಿಸಿದರೆ ಗೆರೆ ಎರಡಾಗುತ್ತದೆ.

ಶನಿವಾರ ಬಿಳಿ ಬಟ್ಟೆ, ಬಿಳಿ ಕ್ಯಾನ್‌ವಾಸ್ ಬೂಟು ಎಂಬ ನಿಯಮವನ್ನು ಕೆಮ್ಮಣ್ಣಿನ ಸೀಮೆಗೆ ತಂದ ಮಹಾನುಭಾವ ಯಾರೋ! ಡ್ರಿಲ್ಲಿಗೆ ಮೊದಲು ಕಪ್ಪುಹಲಗೆಯ ಸೀಮೆಸುಣ್ಣವೆಲ್ಲ ಬೂಟಿಗೆ ಹೋಗುತ್ತದೆ. ಅದಕ್ಕೇ ಶನಿವಾರ ಗಣಿತ ನಡೆಯುವುದಿಲ್ಲ.

ಮೋಕ್ಷ ಮತ್ತು ನಿರ್ಣಯ

ಸಮವಸ್ತ್ರದಿಂದ ಬಿಡುಗಡೆ ಉಂಟೇ? ಹುಟ್ಟುಹಬ್ಬದ ದಿನ ಉಂಟು. ಅವತ್ತು ಕಲರ್ ಡ್ರೆಸ್. ಮುನ್ನೂರು ಬಿಳಿ ಅಂಗಿಗಳ ನಡುವೆ ಮಿಂಚುವ ಹಳದಿ ಫ್ರಾಕಿನ ಹುಡುಗಿಯೊಬ್ಬಳು ಚಾಕೊಲೇಟ್ ಡಬ್ಬಿ ಹಿಡಿದು ತರಗತಿಯಿಂದ ತರಗತಿಗೆ ದಿಗ್ವಿಜಯ ಹೊರಡುತ್ತಾಳೆ. ಮೇಷ್ಟ್ರಿಗೆ ಎರಡು, ಪ್ರಾಣಸ್ನೇಹಿತೆಗೆ ಎರಡು, ಜಗಳವಾಡಿದವಳಿಗೆ ಒಂದು. ಸಮವಸ್ತ್ರವೇ ಇಲ್ಲದಿದ್ದರೆ ಆ ಹಳದಿಗೆ ಈ ವೈಭವ ಎಲ್ಲಿತ್ತು! ಹುಟ್ಟುಹಬ್ಬ ಬೇಸಿಗೆ ರಜೆಯಲ್ಲಿ ಬರುವ ಮಕ್ಕಳು ಮಾತ್ರ ನತದೃಷ್ಟರು. ಅವರ ವಿಷಯದಲ್ಲಿ ಶಾಸ್ತ್ರಕ್ಕೆ ಪರಿಹಾರ ಗೊತ್ತಿಲ್ಲ.

ವಸ್ತ್ರಕ್ಕೂ ಜನ್ಮಾಂತರವಿದೆ. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಚಿಕ್ಕಮ್ಮನ ಮಗನಿಗೆ, ಅಲ್ಲಿಂದ ನೆಲ ಒರೆಸುವುದಕ್ಕೆ. ಪುಣ್ಯ ಹೆಚ್ಚಿದ್ದರೆ ಡಸ್ಟರಾಗಿ ಶಾಲೆಗೇ ಮರಳಿ ಕಪ್ಪುಹಲಗೆ ಸೇರುವುದೂ ಉಂಟು. ಈ ದೀರ್ಘಾಯುಸ್ಸಿನ ರಹಸ್ಯ ಅಂಚಿನಲ್ಲಿದೆ. ಹುಡುಗಿಯರ ಲಂಗದ ಕೆಳಗೆ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದಿರುತ್ತಾರೆ. ಮಗು ಬೆಳೆದಂತೆ ವರ್ಷಕ್ಕೊಮ್ಮೆ ಬಿಚ್ಚುತ್ತಾರೆ. ಬಿಸಿಲು ಕಾಣದ ಆ ಭಾಗ ಕಡು ನೀಲಿ, ಅದರ ಮೇಲೆ ಹಳೆಯ ಹೊಲಿಗೆಯ ತೂತುಗಳ ಸಾಲು, ಅದರ ಮೇಲೆ ಮಾಸಿದ ನೀಲಿ. ಮರ ಕಡಿದಾಗ ಕಾಣುವ ವಲಯಗಳಂತೆ ಈ ಪಟ್ಟಿಗಳನ್ನು ಎಣಿಸಿ ಲಂಗದ ವಯಸ್ಸನ್ನೂ ಮಗು ಯಾವ ವರ್ಷ ದಿಢೀರನೆ ಎತ್ತರವಾಯಿತೆಂಬುದನ್ನೂ ಹೇಳಬಹುದು.

ಸಮವಸ್ತ್ರ ಬೇಕೋ ಬೇಡವೋ ಎಂಬ ಅಂತಿಮ ನಿರ್ಣಯಕ್ಕಾಗಿ, ಈ ವಿದ್ಯೆಯಲ್ಲಿ ಪಾರಂಗತರಾದ ಟೈಲರ್ ಒಬ್ಬರ ಬಳಿಗೇ ಹೋದೆವು. ಮೇ ತಿಂಗಳ ಕೊನೆ. ಅಂಗಡಿಯ ತುಂಬ ತಾಯಂದಿರು. ನಾವು ಪೂರ್ವಪಕ್ಷ, ಕ್ರೊವೇಷಿಯಾ, ಹನ್ನೊಂದನೆಯ ನಿಯಮ ಎಲ್ಲವನ್ನೂ ನಿವೇದಿಸಿದೆವು. ಅವರು ಕೊರಳಿನ ಟೇಪು ತೆಗೆದು ಎದುರಿಗಿದ್ದ ಹುಡುಗಿಯ ಸೊಂಟದಿಂದ ಮೊಣಕಾಲಿಗೆ ಹಿಡಿದರು.

‘ಒಳಗೆ ಎರಡಿಂಚು ಬಿಡ್ಲಾ ಅಕ್ಕಾ, ಮೂರಿಂಚು ಬಿಡ್ಲಾ?’

‘ನಾಲ್ಕು ಬಿಡಣ್ಣ’ ಎಂದರು ತಾಯಿ. ‘ಇವಳಪ್ಪ ಆರಡಿ ಇದಾರೆ.’

ಟೈಲರ್ ಚೀಟಿಯಲ್ಲಿ ನಾಲ್ಕು ಎಂದು ಬರೆದುಕೊಂಡು ನಮ್ಮ ಕಡೆ ತಿರುಗಿದರು: ‘ಸಾರ್, ನಿಮ್ದು ಜೂನ್ ಹದಿನೈದರ ಮೇಲೇ ಆಗೋದು. ಬಟ್ಟೆ ತಂದಿದೀರಾ?’