ಡಿಲೀಟ್ ಮಾವ

ಮನೆಗೆ ಹೊಸ ಕಂಪ್ಯೂಟರ್ ಬಂದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕರೆಯದೆಯೂ ಬರುವ ಒಬ್ಬರು ಪ್ರತಿ ಬಳಗದಲ್ಲೂ ಇರುತ್ತಾರೆ. ಎಷ್ಟು ಕೊಟ್ಟಿರಿ ಎಂದು ಕೇಳುವುದಿಲ್ಲ, ಯಾವ ಕೆಲಸಕ್ಕೆ ತಂದಿರಿ ಎಂದೂ ಕೇಳುವುದಿಲ್ಲ. ಚಪ್ಪಲಿ ಬಿಡುತ್ತಲೇ, ‘ಎಕ್ಸ್‌ಎಂಪಿ ಆನ್ ಮಾಡಿದೀರಾ?’ ಎನ್ನುತ್ತಾರೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಗೊತ್ತಿತ್ತು’ ಎಂದು ಅವರು ಕುರ್ಚಿ ಎಳೆದುಕೊಳ್ಳುತ್ತಾರೆ. ಕಾಫಿ ಬರುವ ಹೊತ್ತಿಗೆ ಕ್ಯಾಬಿನೆಟ್ಟಿನ ಪಕ್ಕದ ತಗಡು ಸೋಫಾದ ಮೇಲೆ ಮಲಗಿರುತ್ತದೆ.

ನಮ್ಮ ಬೀದಿಯಲ್ಲಿರುವ ಇಂಥವರನ್ನು ಮಕ್ಕಳು ಡಿಲೀಟ್ ಮಾವ ಎನ್ನುತ್ತವೆ. ಪವರ್ ಬಟನ್ ಒತ್ತಿ, ಪರದೆ ಬೆಳಗುವ ಮುಂಚೆಯೇ ಡಿಲೀಟ್ ಕೀಲಿಯನ್ನು ಟಕಟಕನೆ ಕುಟ್ಟತೊಡಗುವುದು ಅವರ ಕ್ರಮ. ಸರಿಯಾದ ಕ್ಷಣಕ್ಕೆ ಒಂದೇ ಸಲ ಒತ್ತಿದರೂ ಸಾಕು. ಆ ಕ್ಷಣ ಯಾವುದೆಂದು ಯಾರಿಗೂ ತಿಳಿಯದ್ದರಿಂದ ಅವರು ಎಲ್ಲ ಕ್ಷಣಕ್ಕೂ ಒತ್ತುತ್ತಾರೆ. ಮೂಲೆಮನೆ ಅಜ್ಜಿ ಇದನ್ನು ಮೊದಲ ಸಲ ಕಂಡಾಗ ಅಡುಗೆಮನೆಯಿಂದ ಓಡಿ ಬಂದರು.

‘ಅಯ್ಯೋ, ಅದರಲ್ಲಿ ಮೊಮ್ಮಗಳ ನಾಮಕರಣದ ಫೋಟೋ ಎಲ್ಲಾ ಇದೆ ಕಣಪ್ಪಾ, ಅಳಿಸಬೇಡ!’

‘ಅಳಿಸ್ತಿಲ್ಲ ಅಜ್ಜೀ, ಒಳಗೆ ಹೋಗ್ತಿದೀನಿ.’

‘ಎಲ್ಲಿಗೆ?’

‘ಬಯೋಸ್‌ಗೆ.’

ಅದು ಊರೋ ಆಸ್ಪತ್ರೆಯೋ ಅಜ್ಜಿಗೆ ತಿಳಿಯಲಿಲ್ಲ. ‘ಕಾಫಿ ಕುಡಿದೇ ಹೋಗು’ ಎಂದರು.

ಮಾವನಿಗೆ ನ್ಯಾಯ ಸಲ್ಲಿಸಬೇಕಾದ್ದೂ ಇಲ್ಲಿಯೇ. ಬಂದ ಕೂಡಲೇ ಅವರು ಕೇಳುವ ಆ ಮೊದಲ ಪ್ರಶ್ನೆ ಅಪ್ಪಟ ಸರಿಯಾದ ಪ್ರಶ್ನೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 3200 ವೇಗದ ರ‍್ಯಾಮ್‌ಗೆ ದುಡ್ಡು ಕೊಟ್ಟು, ಅಸೆಂಬಲ್ ಮಾಡಿಸಿಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವರ ಮನೆಯಲ್ಲಿ ಅದು 2133ಕ್ಕೋ 2400ಕ್ಕೋ ತೆವಳುತ್ತಿರುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ. ರ‍್ಯಾಮ್ ಸ್ಟಿಕ್ಕಿನ ಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪು ಇರುತ್ತದೆ. ಜೆಡೆಕ್ ಎಂಬ ಸಂಸ್ಥೆ ಗೊತ್ತುಪಡಿಸಿದ, ಯಾವ ಮದರ್‌ಬೋರ್ಡಿನಲ್ಲೂ ತಕರಾರಿಲ್ಲದೆ ಓಡುವ ವೇಗ ಅದರಲ್ಲಿ ಬರೆದಿರುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವೇಗ ಬೇರೊಂದು ಪ್ರೊಫೈಲಿನಲ್ಲಿ ಬರೆದಿರುತ್ತದೆ. ಬೋರ್ಡು ತಾನಾಗಿ ಓದಿಕೊಳ್ಳುವುದು ಮೊದಲನೆಯದನ್ನು. ಎರಡನೆಯದನ್ನು ಯಾರಾದರೂ ಬಯೋಸ್ ಎಂಬ, ಬೋರ್ಡಿನ ಸೆಟ್ಟಿಂಗ್ ಪುಟಗಳ ಒಳಗೆ ಹೋಗಿ ಆನ್ ಮಾಡಬೇಕು. ಇಂಟೆಲ್ 2007ರಲ್ಲಿ ತಂದ ಈ ವ್ಯವಸ್ಥೆಯೇ ಎಕ್ಸ್‌ಎಂಪಿ. ಎಎಂಡಿ 2022ರಲ್ಲಿ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಜೊತೆಗೆ ತನ್ನದೇ ಎಕ್ಸ್‌ಪೋ ತಂದಿತು. ಆಸುಸ್‌ನವರು ಎಎಂಡಿ ಬೋರ್ಡುಗಳಲ್ಲಿ ಎಕ್ಸ್‌ಎಂಪಿಗೇ ಡಿಒಸಿಪಿ ಎಂದು ಹೆಸರಿಟ್ಟರು. ಆನ್ ಮಾಡಿದರೆ ಡಿಡಿಆರ್4 ರ‍್ಯಾಮ್‌ಗೆ ಹೋಗುವ ವೋಲ್ಟೇಜ್ 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ, ಕೊಟ್ಟ ದುಡ್ಡಿಗೆ ತಕ್ಕ ವೇಗ ಬರುತ್ತದೆ. ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಗುಜರಿಗೆ ಹೋಗುವವರೆಗೂ ಈ ಒಂದು ಕೆಲಸ ಆಗಿರುವುದಿಲ್ಲ.

ಮಾವ ಅಷ್ಟಕ್ಕೇ ಬಿಡದೆ ಟಾರ್ಚ್ ಹಿಡಿದು ಒಳಗೆ ಇಣುಕುತ್ತಾರೆ. ಅಲ್ಲೂ ಅವರು ಹೇಳುವುದು ಸರಿಯೇ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಜೋಡಿಸಿದ ಹುಡುಗ ಕೈಗೆ ಸಿಕ್ಕ ಅಕ್ಕಪಕ್ಕದ ಸ್ಲಾಟಿಗೆ ಒತ್ತಿರುತ್ತಾನೆ. ‘ಎರಡು ಎತ್ತನ್ನೂ ನೊಗದ ಒಂದೇ ಬದಿಗೆ ಕಟ್ಟಿದಾನಲ್ರೀ!’ ಎಂದು ಮಾವ ಹಣೆ ಚಚ್ಚಿಕೊಂಡು ಸ್ಟಿಕ್ ಕಿತ್ತು, ಬನಿಯನ್ನಿಗೆ ಒರೆಸಿ, ಸರಿಯಾದ ಜಾಗಕ್ಕೆ ಕಟಕ್ ಎನ್ನಿಸುತ್ತಾರೆ.

ಇಷ್ಟು ಮಾಡಿ, ಉಳಿಸಿ ಹೊರಬರಲು ಎಫ್10 ಒತ್ತಿ, ತಗಡು ಮುಚ್ಚಿ ಎದ್ದಿದ್ದರೆ ಅವರ ಬಗ್ಗೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅವರು ಏಳುವುದಿಲ್ಲ. ಎಕ್ಸ್‌ಎಂಪಿಯ ಕೆಳಗೇ ಟೈಮಿಂಗ್ಸ್ ಎಂಬ ಇನ್ನೊಂದು ಪುಟ ಕಾದಿರುತ್ತದೆ. 16-18-18-36. ಮಗಳ ಜನ್ಮದಿನಕ್ಕೆ ಹೆಂಡತಿಯನ್ನು ಕೇಳುವ ಮನುಷ್ಯನಿಗೆ ಬೀದಿಯ ಅಷ್ಟೂ ಮನೆಗಳ ರ‍್ಯಾಮ್ ಟೈಮಿಂಗ್ ಬಾಯಿಪಾಠ. ಮೊದಲಿನ 16 ಎಂದರೆ, ಕೇಳಿದ ಮಾಹಿತಿ ಹೊರಬರಲು ರ‍್ಯಾಮ್ ತೆಗೆದುಕೊಳ್ಳುವ ಗಡಿಯಾರದ ಬಡಿತಗಳು. 3200 ವೇಗಕ್ಕೆ 16 ಬಡಿತವೆಂದರೆ ಹತ್ತು ನ್ಯಾನೋಸೆಕೆಂಡ್. 3600ಕ್ಕೆ 18 ಬಡಿತವಾದರೂ ಅದೇ ಹತ್ತು. ಲೆಕ್ಕ ಹಾಕಿದರೆ ಎರಡೂ ಒಂದೇ. ಇದು ಗೊತ್ತಿದ್ದೂ ಇವೆರಡರಲ್ಲಿ ಯಾವುದು ಮೇಲು ಎಂದು ಮಾವ ಒಂದಿಡೀ ಆರತಕ್ಷತೆಯ ಕ್ಯೂ ಉದ್ದಕ್ಕೂ ವಾದಿಸಿದ್ದನ್ನು ನಾನು ಕೇಳಿದ್ದೇನೆ. ಮದುಮಗ ಯಾವುದೋ ಸಾಫ್ಟ್‌ವೇರ್ ಕಂಪನಿಯವನು ಎಂದು ತಿಳಿದಾಗ ವೇದಿಕೆ ಹತ್ತಿ ಅವನ ಅಭಿಪ್ರಾಯವನ್ನೂ ಕೇಳಿದರು.

ಅವರ ಜೀವನದ ಗುರಿ ಆ 16ನ್ನು 14ಕ್ಕೆ ಇಳಿಸುವುದು. ಇಳಿಸಿದರೆ ಉಳಿಯುವುದು 1.25 ನ್ಯಾನೋಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದೂಕಾಲು ಪಾಲು. ಇಷ್ಟನ್ನು ಉಳಿಸಲು ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂತವರು ಬೆಳಗಿನ ಹಾಲಿನವನು ಬೆಲ್ ಮಾಡುವವರೆಗೂ ಕೂರಬಲ್ಲರು.

ಎದುರುಮನೆಯವರು ಲೆಕ್ಕಪತ್ರ ಬರೆಯುವವರು, ಹತ್ತಾರು ಅಂಗಡಿಗಳ ಟ್ಯಾಲಿ ಅವರ ಕಂಪ್ಯೂಟರಿನಲ್ಲೇ. ಮಾವ ಅಲ್ಲಿಗೆ ಹೋದದ್ದು ಒಂದು 20ನೇ ತಾರೀಖಿನ ಸಂಜೆ. ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಅದೇ ಕಡೆಯ ದಿನ.

‘ಸಾರ್, ಇವತ್ತು ಬೇಡ ಸಾರ್, ಇನ್ನೂ ಮೂರು ಪಾರ್ಟಿದು ಬಾಕಿ ಇದೆ.’

‘ಐದೇ ನಿಮಿಷ ರೀ. ಆಮೇಲೆ ನೋಡಿ, ಟ್ಯಾಲಿ ಹಾರುತ್ತೆ.’

ಮಾವ 14 ಎಂದು ಟೈಪ್ ಮಾಡಿದರು. ಎಫ್10. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆ ಕಪ್ಪಗೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ ಸಾಲಾಗಿರುವ ನಾಲ್ಕು ಪುಟಾಣಿ ದೀಪಗಳಲ್ಲಿ ಡ್ರ್ಯಾಮ್ ಎಂದು ಬರೆದದ್ದು ಹತ್ತಿಕೊಂಡು ಆರಲೇ ಇಲ್ಲ. ಲೆಕ್ಕದವರ ಮುಖ ಬಿಳಿಚಿತು. ಮಾವನ ಮುಖ ಅರಳಿತು. ಕಂಪ್ಯೂಟರ್ ಸುಮ್ಮನೆ ನಡೆಯುವಾಗ ಅವರಿಗೆ ಮಾತೇ ಹೊರಡುವುದಿಲ್ಲ, ನಿಂತಾಗಲೇ ಕಳೆ ಬರುವುದು. ‘ಸ್ಕ್ರೂಡ್ರೈವರ್ ಕೊಡಿ’ ಎಂದರು. ಪ್ಲಗ್ ಕಿತ್ತರು. ಉಳಿದ ಕರೆಂಟ್ ಇಳಿಯಲೆಂದು ಪವರ್ ಬಟನ್ನನ್ನು ಒತ್ತಿ ಹಿಡಿದರು. ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡು, ‘ಇದು ಸ್ವಲ್ಪ ಹೊತ್ತು ಹೊರಗಿರ್ಬೇಕು, ಆಗ ಎಲ್ಲಾ ಮರೀತದೆ’ ಎಂದರು.

ಮರೆಯಿತು, ನಿಜ. ದಿನಾಂಕವನ್ನೂ ಮರೆಯಿತು. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈನಲ್ಲಿ; ಕಂಪ್ಯೂಟರಿನ ಗಡಿಯಾರ ಅದಕ್ಕೂ ಹಿಂದಿನ ವರ್ಷ ತೋರಿಸುತ್ತ ನಿಂತಿತು. ತೆರಿಗೆಯೇ ಹುಟ್ಟಿರದ ಕಾಲದಿಂದ ತೆರಿಗೆಯ ಜಾಲತಾಣ ತೆರೆಯಲು ಹೋದರೆ ಬ್ರೌಸರ್ ಒಪ್ಪೀತೆ? ಸರ್ಟಿಫಿಕೇಟ್ ಸರಿಯಿಲ್ಲ ಎಂದು ಕೆಂಪು ಪುಟ ತೋರಿಸಿತು. ಮಾವ ವೈರಸ್ ಇರಬಹುದೆಂದು ಶಂಕಿಸಿದರು. ಕೊನೆಗೆ ದಿನಾಂಕ ತಪ್ಪಿದೆ ಎಂದು ಕಂಡುಹಿಡಿದದ್ದು ಆ ಮನೆಯ ಆರನೇ ಕ್ಲಾಸಿನ ಹುಡುಗಿ. ಅಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ. ಮೂರೂ ಪಾರ್ಟಿಗಳದನ್ನು ಲೆಕ್ಕದವರು ಟ್ಯಾಲಿಯಲ್ಲಿ ಮಾವನ ಹೆಸರಿಗೇ ಖರ್ಚು ಬರೆದಿದ್ದಾರೆಂದು ಬೀದಿಯಲ್ಲಿ ಸುದ್ದಿ.

ಡಿಡಿಆರ್5 ಬಂದ ಮೇಲೆ ಮಾವನ ಕೈಗೆ ಹೊಸ ಅಸ್ತ್ರ ಸಿಕ್ಕಿದೆ. ಹೊಸ ಬೋರ್ಡುಗಳು ಮೊದಲ ಸಲ ಹತ್ತುವಾಗ ರ‍್ಯಾಮ್ ಜೊತೆ ಹೊಂದಿಕೊಳ್ಳುವ ಪರೀಕ್ಷೆ ನಡೆಸುತ್ತವೆ. ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಕೆಲವು ಎಎಂಡಿ ಯಂತ್ರಗಳಲ್ಲಿ ಇದಕ್ಕೆ ಹಲವು ನಿಮಿಷಗಳೇ ಬೇಕು, ಅಷ್ಟು ಹೊತ್ತೂ ಪರದೆ ಕಪ್ಪು. ಹಿಂದೆ ಪರದೆ ಕಪ್ಪಾದರೆ ಮನೆಯವರು ಮಾವನನ್ನು ದುರುಗುಟ್ಟಿ ನೋಡುತ್ತಿದ್ದರು. ಈಗ ಮಾವ ಕಾಲ ಮೇಲೆ ಕಾಲು ಹಾಕಿ, ‘ಯಾರೂ ಮುಟ್ಟಬೇಡಿ, ಟ್ರೈನಿಂಗ್ ಆಗ್ತಿದೆ’ ಎನ್ನುತ್ತಾರೆ. ಶಾಸ್ತ್ರದ ಬೆಂಬಲವಿರುವ ಮಾತಾದ್ದರಿಂದ ಯಾರೂ ಎದುರಾಡುವಂತಿಲ್ಲ. ದೀಪ ಮಿನುಗುವುದು ಚೆಂದವೆಂದು ನಾಲ್ಕೂ ಸ್ಲಾಟಿಗೆ ಸ್ಟಿಕ್ ತುಂಬಿಸಿಕೊಂಡು ಬಂದ ಹುಡುಗನೊಬ್ಬನಿಗೆ ಮಾತ್ರ ಅವರು ಚೆನ್ನಾಗಿ ಬೈದರು. ರೈಜನ್ 7000 ಸರಣಿಯಲ್ಲಿ ಎರಡು ಸ್ಟಿಕ್ ಇದ್ದರೆ 5200, ನಾಲ್ಕಾದರೆ 3600 ಎಂದು ಎಎಂಡಿಯೇ ಹೇಳಿದೆ. ಬೈಗುಳಕ್ಕೆ ಆಧಾರವಿತ್ತು.

ಬದಲಿಸಿದ ಮೇಲೆ ಪರೀಕ್ಷೆ ಬೇಡವೇ? ಅದಕ್ಕೆ ಅವರ ಜೇಬಿನಲ್ಲಿ ಸದಾ ಒಂದು ಪೆನ್‌ಡ್ರೈವ್, ಅದರಲ್ಲಿ ಮೆಮ್‌ಟೆಸ್ಟ್. ರಾತ್ರಿಯಿಡೀ ಓಡಬೇಕು. ಒಂದು ತಪ್ಪೂ ಬರಲಿಲ್ಲವೆಂದರೆ ಮಾವ ಕೊಂಚ ಸಪ್ಪಗಾಗುತ್ತಾರೆ. ಬೆಳಗಿನ ಜಾವ ಕರೆಂಟ್ ಹೋದರೆ ಮೊದಲಿನಿಂದ ಶುರು.

ಇಷ್ಟೆಲ್ಲ ಬಲ್ಲವರ ಸ್ವಂತ ಕಂಪ್ಯೂಟರಿನಲ್ಲಿ ನಡೆಯುವ ಕೆಲಸವೇನು? ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವೇಗ ನೋಡುವುದು. ಒಂದು ಕಾಗದ ಟೈಪ್ ಮಾಡಬೇಕಾದರೆ ಹೆಂಡತಿಯ ಲ್ಯಾಪ್‌ಟಾಪ್ ಬೇಡುತ್ತಾರೆ, ಏಕೆಂದರೆ ತಮ್ಮದು ‘ಟೆಸ್ಟಿಂಗ್‌ನಲ್ಲಿದೆ’. ಆ ಲ್ಯಾಪ್‌ಟಾಪಿನ ಬಗ್ಗೆ ಅವರಿಗೆ ಕನಿಕರ. ರ‍್ಯಾಮ್ ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ, ಬಯೋಸ್‌ಗೆ ಹೋದರೆ ಭಾಷೆ, ಪಾಸ್‌ವರ್ಡ್ ಬಿಟ್ಟು ಬದಲಿಸಲು ಏನೂ ಇಲ್ಲ. ಪಾಪ, ಅದು ಕೆಲಸ ಮಾಡಿಕೊಂಡಿದೆ.

‘ನಿಮಗೇನು ಗೊತ್ತು, 1981ರ ಐಬಿಎಂ ಪಿಸಿಯಲ್ಲಿ ಮೆಮೊರಿ ಎಷ್ಟಿದೆ ಅಂತ ಬೋರ್ಡ್ ಮೇಲಿನ ಪುಟ್ಟ ಸ್ವಿಚ್ ಒತ್ತಿ ಹೇಳ್ಬೇಕಿತ್ತು’ ಎಂದು ಮಾವ ಆಗಾಗ ನಿಟ್ಟುಸಿರು ಬಿಡುವುದುಂಟು. ಮಾತು ನಿಜ. 1984ರ ಎಟಿ ಮಾದರಿಯಲ್ಲಿ ಬ್ಯಾಟರಿ ಬಲದಿಂದ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಚಿಪ್ಪು ಬಂದದ್ದೂ ನಿಜ. ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವೇ ಎಲ್ಲವನ್ನೂ ಅರಿತುಕೊಳ್ಳತೊಡಗಿದ್ದು ಅವರಿಗೆ ಇಷ್ಟವಾಗಿಲ್ಲ, ಅಷ್ಟೆ.

ಓದುಗರಲ್ಲಿ ಹೊಸ ಪಿಸಿ ಕೊಂಡವರಿದ್ದರೆ ಒಂದು ಮಾತು. ಇವತ್ತೇ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ ನೋಡಿ. ರ‍್ಯಾಮ್ ಪೆಟ್ಟಿಗೆಯ ಮೇಲಿನ ಸಂಖ್ಯೆ ಅಲ್ಲಿ ಕಾಣದಿದ್ದರೆ ನಿಮ್ಮ ಬೀದಿಯ ಡಿಲೀಟ್ ಮಾವನನ್ನು ಧಾರಾಳವಾಗಿ ಕರೆಸಿ, ಆ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಕರೆಸಿ. ಅವರು ಮೊದಲ ಸಲ ಎಫ್10 ಒತ್ತಿದ ಕೂಡಲೇ ಎಲೆ ಹಾಕಿಬಿಡಿ.